ತಪ್ಪು ದರದ ಟಿಕೆಟ್: ಕೊಂಡವರ ಅರಿವು ಮತ್ತು ಸಮರ್ಥನೆ

2015ರ ಫೆಬ್ರವರಿ 11ರಂದು ಯುನೈಟೆಡ್ ಏರ್‌ಲೈನ್ಸ್‌ನ ಡೆನ್ಮಾರ್ಕ್ ಜಾಲತಾಣದಲ್ಲಿ ಲಂಡನ್ನಿನಿಂದ ಅಮೆರಿಕಕ್ಕೆ ಫಸ್ಟ್ ಕ್ಲಾಸ್ ಟಿಕೆಟ್ ನೂರು ಡಾಲರಿಗೂ ಕಡಿಮೆಗೆ ಸಿಗತೊಡಗಿತು. ಪೌಂಡಿನ ದರವನ್ನು ಡ್ಯಾನಿಶ್ ಕ್ರೋನರ್‌ಗೆ ಪರಿವರ್ತಿಸುತ್ತಿದ್ದ ಹೊರಗಿನ ಸಂಸ್ಥೆಯೊಂದರ ತಂತ್ರಾಂಶ ಎಡವಿತ್ತು. ಸಾವಿರಾರು ಜನ ಕೊಂಡರು, ಕಂಪನಿ ಎಲ್ಲವನ್ನೂ ರದ್ದುಮಾಡಿತು, ಅಮೆರಿಕದ ಸಾರಿಗೆ ಇಲಾಖೆಗೆ ದೂರುಗಳು ಹೋದವು. ಹಣ ಪಡೆದ ಮೇಲೆ ದರ ಏರಿಸಬಾರದೆಂಬ ನಿಯಮ ಅಲ್ಲಿ 2012ರಿಂದಲೇ ಜಾರಿಯಲ್ಲಿತ್ತು. ಆದರೂ ಇಲಾಖೆ ಕಂಪನಿಯ ಮೇಲೆ ಕ್ರಮಕ್ಕೆ ಮುಂದಾಗಲಿಲ್ಲ. ಕಾರಣ, ಆ ದರ ಡೆನ್ಮಾರ್ಕಿನ ಗ್ರಾಹಕರಿಗೆಂದು ಇಟ್ಟದ್ದು. ಅದನ್ನು ಪಡೆಯಲು ಹೊರಗಿನವರು ತಮ್ಮ ಬಿಲ್ ವಿಳಾಸದ ದೇಶ ಡೆನ್ಮಾರ್ಕ್ ಎಂದು ಸುಳ್ಳೇ ನಮೂದಿಸಬೇಕಿತ್ತು.

ಇಡೀ ಪ್ರಕರಣದ ಕೀಲು ಇರುವುದು ಈ ಸಣ್ಣ ವಿವರದಲ್ಲಿ. ತಪ್ಪು ದರದ ಚರ್ಚೆ ಸಾಮಾನ್ಯವಾಗಿ ರಿಯಾಯಿತಿ ಎಷ್ಟು ಎಂಬುದರ ಸುತ್ತ ತಿರುಗುತ್ತದೆ. ಕೊಂಡವರಿಗೆ ಏನು ಗೊತ್ತಿತ್ತು ಎಂಬುದೇ ನಿರ್ಣಾಯಕ ಎನ್ನುವುದು ಈ ಲೇಖನದ ವಾದ.

ಸಿಂಗಪುರದ ಡಿಜಿಲ್ಯಾಂಡ್‌ಮಾಲ್ ಪ್ರಕರಣ ವಿಮಾನದ್ದಲ್ಲ, ಪ್ರಿಂಟರ್‌ಗಳದ್ದು. ಆದರೆ ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆ ಸಿಗುವುದು ಕಷ್ಟ. 2003ರಲ್ಲಿ 3,854 ಡಾಲರಿನ ಲೇಸರ್ ಪ್ರಿಂಟರ್‌ಗೆ ಜಾಲತಾಣ 66 ಡಾಲರ್ ತೋರಿಸಿತು. ಆರು ಮಂದಿ ಸೇರಿ 1,606 ಪ್ರಿಂಟರ್ ಬೇಕೆಂದರು. ನಡುರಾತ್ರಿ ಅವರು ಪರಸ್ಪರ ಕಳಿಸಿಕೊಂಡ ಸಂದೇಶಗಳೇ ಸಾಕ್ಷ್ಯವಾದವು. ತಪ್ಪೆಂದು ತಿಳಿದೇ ಕೊಂಡದ್ದರಿಂದ ಕರಾರು ಶೂನ್ಯವೆಂದು ಹೈಕೋರ್ಟ್ 2004ರಲ್ಲಿ ಹೇಳಿತು; ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ತಿಳಿದೂ ಕೊಳ್ಳುವವರು ತಮ್ಮನ್ನು ತಾವು ಹೇಗೆ ಸಮರ್ಥಿಸಿಕೊಳ್ಳುತ್ತಾರೆ? ದುರಾಸೆಯೆಂದು ತಳ್ಳಿಹಾಕಿದರೆ ವಿಶ್ಲೇಷಣೆ ಅಲ್ಲಿಗೇ ನಿಲ್ಲುತ್ತದೆ. ನಿಯಮ ಮುರಿಯುವವರು ಬಳಸುವ ಸಮರ್ಥನೆಗಳನ್ನು ಸಮಾಜಶಾಸ್ತ್ರಜ್ಞರಾದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಟ್ಝ 1957ರಲ್ಲಿ ವರ್ಗೀಕರಿಸಿದ್ದರು. ಯಾರಿಗೂ ನಷ್ಟವಿಲ್ಲ ಎನ್ನುವುದು ಅವುಗಳಲ್ಲೊಂದು. ದೂರುವವರೇನು ಸಾಚಾಗಳೇ ಎನ್ನುವುದು ಇನ್ನೊಂದು. ವಿಮಾನಯಾನದಲ್ಲಿ ಈ ಎರಡನೆಯದಕ್ಕೇ ಬಲ ಹೆಚ್ಚು. ಪ್ರಯಾಣಿಕ ತಾರೀಖು ತಪ್ಪಾಗಿ ಒತ್ತಿದರೆ ತಿದ್ದಲು ಹಲವು ಬಾರಿ ಶುಲ್ಕ ಕೊಡಬೇಕು. ಕಂಪನಿ ಸೊನ್ನೆಯೊಂದನ್ನು ಬಿಟ್ಟರೆ ಕ್ಷಮೆ ಬೇಡುತ್ತದೆ. ಈ ಅಸಮತೆಯ ಬಗೆಗಿನ ಸಿಟ್ಟನ್ನು ನೆಪವೆಂದಷ್ಟೇ ಕಾಣಲಾಗದು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಒಂದೇ ಸೀಟಿನ ದರ ಬೆಳಿಗ್ಗೆಯೊಂದು ಸಂಜೆಯೊಂದು ಆಗುವ, ವಿಶೇಷ ಕೊಡುಗೆಯಲ್ಲಿ ಮೂಲ ದರ ಒಂದು ರೂಪಾಯಿಗೂ ಇಳಿದಿರುವ ಮಾರುಕಟ್ಟೆಯಲ್ಲಿ 'ಸರಿಯಾದ ಬೆಲೆ' ಎಂಬ ಕಲ್ಪನೆಯನ್ನು ಕಂಪನಿಗಳೇ ಸವೆಸಿವೆ. 2009ರಲ್ಲಿ ಬ್ರಿಟಿಷ್ ಏರ್‌ವೇಸ್ ಅಮೆರಿಕದಿಂದ ಭಾರತಕ್ಕೆ 40 ಡಾಲರಿನ ಮೂಲ ದರ ತೋರಿಸಿ ಆಮೇಲೆ ರದ್ದುಮಾಡಿದಾಗ, ಊರಿಗೆ ಹೊರಟಿದ್ದವರಲ್ಲಿ ಕೆಲವರಾದರೂ ಅದನ್ನು ಕೊಡುಗೆಯೆಂದೇ ನಂಬಿದ್ದರೆ ಆಶ್ಚರ್ಯವಿಲ್ಲ. ಫಸ್ಟ್ ಕ್ಲಾಸ್ ವಿಷಯದಲ್ಲಿ ಈ ನಂಬಿಕೆಗೆ ಜಾಗ ಕಡಿಮೆ. ಆದರೂ 2019ರ ಹೊಸವರ್ಷದಂದು ವಿಯೆಟ್ನಾಂನಿಂದ ನ್ಯೂಯಾರ್ಕಿಗೆ ಅಗ್ಗವಾಗಿ ಹೋದ ಮೇಲ್ದರ್ಜೆಯ ಟಿಕೆಟ್‌ಗಳನ್ನು ಕ್ಯಾಥೆ ಪೆಸಿಫಿಕ್ ಮಾನ್ಯಮಾಡಿ ಹೆಸರು ಗಳಿಸಿತು. 2024ರಲ್ಲಿ ಕ್ವಾಂಟಾಸ್ ತಪ್ಪು ದರದಲ್ಲಿ ಕೊಂಡ ಸುಮಾರು 300 ಮಂದಿಗೆ ಫಸ್ಟ್ ಕ್ಲಾಸಿನ ಬದಲು ಬಿಸಿನೆಸ್ ಕ್ಲಾಸ್ ಕೊಟ್ಟು ನಡುದಾರಿ ಹಿಡಿಯಿತು.

ನಮ್ಮ ಕಾನೂನಿಗೆ ಬಂದರೆ, ಭಾರತೀಯ ಕರಾರು ಅಧಿನಿಯಮ, 1872ರ 22ನೇ ಕಲಂ ಪ್ರಕಾರ ಒಬ್ಬ ಪಕ್ಷಕಾರ ಸಂಗತಿಯೊಂದನ್ನು ತಪ್ಪಾಗಿ ತಿಳಿದಿದ್ದ ಎಂಬ ಒಂದೇ ಕಾರಣಕ್ಕೆ ಕರಾರನ್ನು ರದ್ದುಗೊಳಿಸಲಾಗದು. ಎದುರಿನವನಿಗೆ ಆ ತಪ್ಪು ಗೊತ್ತಿದ್ದರೆ ಏನು ಎಂಬುದನ್ನು ಕಲಂ ಬಿಡಿಸಿ ಹೇಳುವುದಿಲ್ಲ. ಜಾಲತಾಣಗಳ ಕಾಲದಲ್ಲಿ ಈ ಮೌನ ದುಬಾರಿ.

2015ರ ಮೇ ತಿಂಗಳಲ್ಲಿ ಅಮೆರಿಕದ ಸಾರಿಗೆ ಇಲಾಖೆ ಹೊರಡಿಸಿದ ಸೂಚನೆ ಒಂದು ಮಾದರಿ ಒದಗಿಸುತ್ತದೆ: ತಪ್ಪೆಂದು ಕಂಪನಿ ಸಾಬೀತುಪಡಿಸಬೇಕು, ಟಿಕೆಟ್ ನಂಬಿ ಪ್ರಯಾಣಿಕ ಮಾಡಿದ ಇತರ ಖರ್ಚನ್ನೂ ತುಂಬಿಕೊಡಬೇಕು. ಇದಕ್ಕೊಂದು ಗಡುವು ಸೇರಬೇಕು. ಏಳು ದಿನ ಮೊದಲೇ ಕಾಯ್ದಿರಿಸಿದ ಪ್ರಯಾಣಿಕನಿಗೆ ಶುಲ್ಕವಿಲ್ಲದೆ ರದ್ದುಮಾಡಲು ಅಮೆರಿಕ ಕೊಟ್ಟಿರುವ ಕಾಲ 24 ಗಂಟೆ. ತನ್ನ ತಪ್ಪನ್ನು ತಿದ್ದಿಕೊಳ್ಳಲು ಕಂಪನಿಗೂ ಅಷ್ಟೇ ಕಾಲ ಸಾಕು. ಅದು ಮೀರಿದರೆ ಟಿಕೆಟ್ ಊರ್ಜಿತವಾಗಬೇಕು.