ಕಾಲಂ 9, ಕಾಲಂ 11: ಪಹಣಿಯ ದತ್ತಾಂಶ ವಿನ್ಯಾಸದ ಚರಿತ್ರೆ

ಪ್ರತಿ ಅಂಶಕ್ಕೂ ಒಂದು ಹೆಸರು ಮತ್ತು ಒಂದು ಗೊತ್ತಾದ ಸ್ಥಾನವಿರುವ ಮಾಹಿತಿಯ ಕಟ್ಟನ್ನು ಗಣಕಶಾಸ್ತ್ರದಲ್ಲಿ ‘ರೆಕಾರ್ಡ್’ ಎನ್ನುತ್ತಾರೆ. 1960ರ ಸುಮಾರಿಗೆ ಕೋಬಾಲ್ ಭಾಷೆ ಇದನ್ನು ಕಚೇರಿಯ ಲೆಕ್ಕಪತ್ರಗಳಿಗೆ ತಂದಿತಾದರೂ, ಕಾಗದದ ಮೇಲೆ ಇಂಥ ಕಟ್ಟನ್ನು ಬರೆದಿಡುವ ರೂಢಿ ಕಂದಾಯ ಇಲಾಖೆಯಲ್ಲಿ ಅದಕ್ಕಿಂತ ಬಹಳ ಹಿಂದಿನಿಂದ ಬಂದದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೈತರು ಪಹಣಿ ಎಂದು ಕರೆಯುವ ಆರ್‌ಟಿಸಿಯಲ್ಲಿ, ಅಂದರೆ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯಲ್ಲಿ, 1ನೆಯ ಕಾಲಂ ಸರ್ವೆ ನಂಬರಿಗೆ, 2 ಹಿಸ್ಸಾ ನಂಬರಿಗೆ, 3 ವಿಸ್ತೀರ್ಣಕ್ಕೆ, 9 ಸ್ವಾಧೀನದಾರರ ಹೆಸರಿಗೆ, 11 ಇತರೆ ಹಕ್ಕು ಮತ್ತು ಋಣಗಳಿಗೆ, 12 ಸಾಗುವಳಿಯ ವಿವರಕ್ಕೆ ಮೀಸಲಾಗಿವೆ. ಈ ಕಾಲಂಗಳಿಗೆ ತಲೆಬರಹಗಳಿದ್ದರೂ ತಾಲ್ಲೂಕು ಕಚೇರಿಯಲ್ಲಿ ವ್ಯವಹಾರ ನಡೆಯುವುದು ಬಹುಮಟ್ಟಿಗೆ ಸಂಖ್ಯೆಯ ಮೇಲೆಯೇ. ಬ್ಯಾಂಕಿನ ಸಾಲ ‘ಹನ್ನೊಂದರಲ್ಲಿ’ ಇದೆಯೇ, ಮಗನ ಹೆಸರು ‘ಒಂಬತ್ತಕ್ಕೆ’ ಬಂತೇ ಎಂದೇ ಕೇಳುವುದು.

ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿ ಇದಕ್ಕೆ ವಿರುದ್ಧ ದಿಕ್ಕಿನದು. ಅದರಲ್ಲಿ ಅಂಶವನ್ನು ಗುರುತಿಸುವುದು ಹೆಸರು. ಕಾಲಂ ಎಷ್ಟನೆಯದು ಎಂಬುದಕ್ಕೆ ಬೆಲೆಯಿಲ್ಲ. ಕರ್ನಾಟಕ ಸರ್ಕಾರ 2000ದ ಹೊತ್ತಿಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದಾಗ ಬಳಸಿದ್ದು ಈ ಮಾದರಿಯ ದತ್ತಸಂಚಯವನ್ನೇ ಆದರೂ, ಮುದ್ರಿತ ಪ್ರತಿಯಲ್ಲಿ ಹಳೆಯ ಕ್ರಮಸಂಖ್ಯೆಗಳು ಉಳಿದುಕೊಂಡವು. ಒಂದು ಸಂಖ್ಯೆ ಪಲ್ಲಟವಾಗಿದ್ದರೂ ವಕೀಲರಿಂದ ಬ್ಯಾಂಕಿನವರೆಗೆ ಎಲ್ಲರ ಓದು ತಪ್ಪುತ್ತಿತ್ತಾದ್ದರಿಂದ ಇದನ್ನು ಹಳತಿನ ಮೋಹ ಎನ್ನಲಾಗದು. ಪೈಥಾನ್ ಭಾಷೆಗೆ 2008ರಲ್ಲಿ ಸೇರಿದ ‘ನೇಮ್ಡ್ ಟಪಲ್’ ಎಂಬ ರಚನೆಯಲ್ಲಿ ಒಂದೇ ಅಂಶವನ್ನು ಹೆಸರಿನಿಂದಲೂ ಸ್ಥಾನಸಂಖ್ಯೆಯಿಂದಲೂ ಪಡೆಯಬಹುದು. ಪಹಣಿಗೆ ಒಗ್ಗುವ ಗುಣ ಅದೇ.

ವಿನ್ಯಾಸಕಾರನಿಗೆ ನಿಜವಾದ ತೊಡಕು ಎದುರಾಗುವುದು ಕಾಲಂಗಳ ಒಳಗೆ. ವಿಸ್ತೀರ್ಣ ನೋಡಲು ಒಂದು ಸಂಖ್ಯೆಯಂತಿದ್ದರೂ ಅದು ಎಕರೆ, ಗುಂಟೆ, ಆಣೆ ಎಂಬ ಮೂರು ಹೆಸರಿನ ಅಂಶಗಳು ಇದೇ ಕ್ರಮದಲ್ಲಿ ಕೂಡಿದ ಕಿರಿಯ ರೆಕಾರ್ಡ್. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. 1 ಎಕರೆ 25 ಗುಂಟೆಯನ್ನು 1.25 ಎಂಬ ದಶಮಾಂಶವಾಗಿಯೂ 30 ಗುಂಟೆಯನ್ನು 0.30 ಆಗಿಯೂ ಬರೆದಿಟ್ಟರೆ ಯಂತ್ರ ಕೂಡಿ 1.55 ಎನ್ನುತ್ತದೆ, ಸರಿಯಾದ ಮೊತ್ತ 2 ಎಕರೆ 15 ಗುಂಟೆ. ಇದರ ಜೊತೆಗೆ ಸಾಗುವಳಿಗೆ ಬಾರದ ‘ಅ’ ಖರಾಬು, ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ‘ಬ’ ಖರಾಬುಗಳನ್ನು ಒಟ್ಟು ವಿಸ್ತೀರ್ಣದಿಂದ ಕಳೆದು ಉಳಿಕೆಯನ್ನು ತೋರಿಸಬೇಕು. ಒಂಬತ್ತನೆಯ ಕಾಲಂ ಇನ್ನೂ ಬಿಗಿಯಾದ ಗಂಟು: ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಹೆಸರುಗಳೆಲ್ಲ ಒಂದೇ ಅಂಕಣದಲ್ಲಿ ಸಾಲಾಗಿ ಕೂರುವುದರಿಂದ ಅದನ್ನು ಒಂದು ಬೆಲೆಯೆಂದಲ್ಲ, ಪಟ್ಟಿಯೆಂದೇ ಕಾಣಬೇಕಾಗುತ್ತದೆ. ಸರ್ವೆ ನಂಬರನ್ನು ಬರಿಯ ಅಕ್ಷರವೆಂದು ಬಗೆದರೆ 2ಕ್ಕಿಂತ ಮುಂಚೆ 10 ಬಂದು ಕೂರುವ ಅಪಾಯವೂ ಉಂಟು.

ಕ್ರಮವೆಂಬುದು ಕಾಲಂಗಳಿಗಷ್ಟೇ ಸೇರಿದ್ದಲ್ಲ. ಕೈಬರಹದ ಕಾಲದಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬುದು ಸಿಬ್ಬಂದಿಯ ಮರ್ಜಿಗೆ ಬಿಟ್ಟದ್ದಾಗಿತ್ತು. ಭೂಮಿ ತಂತ್ರಾಂಶ ಮೊದಲು ಬಂದದ್ದನ್ನು ಮೊದಲು ವಿಲೇವಾರಿ ಮಾಡುವ ಸರದಿಯನ್ನು ಕಡ್ಡಾಯಗೊಳಿಸಿ, ದಾಖಲೆ ತಿದ್ದುವ ಅಧಿಕಾರಿಯ ಬೆರಳಚ್ಚನ್ನೂ ಕೇಳತೊಡಗಿತು.