ಜಸ್ಟಿನನ ಬಿನ್ನಹ

ಕ್ರಿಸ್ತಶಕ ಎರಡನೆಯ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಮೇಲೆ ಹೊರಿಸಲಾಗುತ್ತಿದ್ದ ಅಪವಾದಗಳಲ್ಲಿ ಮುಖ್ಯವಾದವು ಮೂರು: ಅವರು ನಾಸ್ತಿಕರು, ನರಮಾಂಸಭಕ್ಷಕರು, ಅಗಮ್ಯಾಗಮನದ ಪಾತಕಿಗಳು. ಇಂದು ಇವು ಹುಚ್ಚುಮಾತುಗಳಾಗಿ ತೋರಿದರೂ, ಒಂದೊಂದಕ್ಕೂ ಜನರ ಕಿವಿಗೆ ಬಿದ್ದ ಅರೆಸತ್ಯವೊಂದು ಆಧಾರವಾಗಿದ್ದಿತು. ದೇವತೆಗಳ ಪ್ರಸನ್ನತೆಯಿಂದಲೇ ನಗರಕ್ಕೆ ಕ್ಷೇಮವೆಂದು ನಂಬಿದ್ದವರು, ಗುಡಿಯಿಲ್ಲದೆ, ವಿಗ್ರಹವಿಲ್ಲದೆ, ಬಲಿಯಿಲ್ಲದೆ ಆರಾಧಿಸುವವರನ್ನು ನಾಸ್ತಿಕರೆನ್ನದೆ ಇನ್ನೇನೆಂದಾರು? ಬೆಳಕು ಹರಿಯುವ ಮುನ್ನ ಕೂಡುವವರು, ತಮ್ಮ ಪ್ರಭುವಿನ ಶರೀರವನ್ನೂ ರಕ್ತವನ್ನೂ ಸ್ವೀಕರಿಸುವೆವೆಂದು ಹೇಳಿಕೊಳ್ಳುವವರು, ಪರಸ್ಪರ ಸೋದರ ಸೋದರಿಯರೆಂದು ಕರೆದು ಚುಂಬನದಿಂದ ವಂದಿಸುವವರು, ಮುಚ್ಚಿದ ಬಾಗಿಲ ಹಿಂದೆ ಏನು ಮಾಡುತ್ತಿರಬಹುದೆಂಬುದನ್ನು ಊರಿನ ಕಲ್ಪನೆಯು ತನಗೆ ತೋಚಿದಂತೆ ತುಂಬಿಕೊಂಡಿತು.

ಅಧಿಕಾರಿಗಳಿಗೆ ನಿಜಸ್ಥಿತಿ ತಿಳಿದಿರಲಿಲ್ಲವೆಂದಲ್ಲ. ಸುಮಾರು ಕ್ರಿ.ಶ. 112ರಲ್ಲಿ ಬಿಥೀನಿಯಾ ಪ್ರಾಂತದ ಅಧಿಪತಿಯಾಗಿದ್ದ ಪ್ಲಿನಿಯು, ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿ ವಿಚಾರಿಸಿದ ಮೇಲೂ ಮಿತಿಮೀರಿದ ಮೂಢಭಕ್ತಿಯ ಹೊರತು ಬೇರೇನೂ ತನಗೆ ಕಾಣಲಿಲ್ಲವೆಂದು ಚಕ್ರವರ್ತಿ ಟ್ರೇಜನನಿಗೆ ಬರೆದು, ತಾನು ಶಿಕ್ಷಿಸಬೇಕಾದುದು ಹೆಸರನ್ನೋ ಹೆಸರಿಗೆ ಅಂಟಿದ ಪಾತಕಗಳನ್ನೋ ಎಂದು ಕೇಳಿದನು. ಟ್ರೇಜನನು ಆ ಪ್ರಶ್ನೆಯನ್ನು ಬಿಡಿಸಲಿಲ್ಲ. ಕ್ರೈಸ್ತರನ್ನು ಹುಡುಕಿ ಹಿಡಿಯಬೇಡ, ದೂರು ಬಂದು ರುಜುವಾತಾದರೆ ದಂಡಿಸು, ದೇವತೆಗಳನ್ನು ಪೂಜಿಸಿ ತೋರಿಸಿದವನನ್ನು ಕ್ಷಮಿಸು ಎಂದಷ್ಟೇ ಉತ್ತರಿಸಿದನು. ಅಪರಾಧಿಗಳಾದರೆ ಹುಡುಕಬಾರದೇಕೆ, ನಿರಪರಾಧಿಗಳಾದರೆ ದಂಡಿಸುವುದೇಕೆ ಎಂದು ಕಾರ್ಥೇಜಿನ ಟೆರ್ಟುಲಿಯನ್ನನು 197ರಲ್ಲಿ ಈ ಆಜ್ಞೆಯನ್ನು ಹಿಡಿದು ಜಗ್ಗಿದನು. ಆ ವಾದಕ್ಕೆ ಪ್ರತಿವಾದ ಹೂಡುವುದು ಕಷ್ಟ.

ಟೆರ್ಟುಲಿಯನ್ನನಿಗಿಂತ ಸುಮಾರು ನಾಲ್ವತ್ತು ವರ್ಷಗಳ ಹಿಂದೆಯೇ, ಇದೇ ಅನ್ಯಾಯವನ್ನು ಇನ್ನೂ ಮೆಲುದನಿಯಲ್ಲಿ ಚಕ್ರವರ್ತಿ ಅಂಟೊನೈನಸ್ ಪಯಸನ ಮುಂದಿಟ್ಟವನು ಜಸ್ಟಿನ್. ಸಮಾರ್ಯದ ಫ್ಲಾವಿಯಾ ನಿಯಾಪೊಲಿಸ್‌ನಲ್ಲಿ, ಎಂದರೆ ಇಂದಿನ ನಾಬ್ಲಸ್‌ನಲ್ಲಿ, ಹುಟ್ಟಿ, ಸ್ಟೋಯಿಕ್, ಅರಿಸ್ಟಾಟಲೀಯ, ಪೈಥಾಗೊರೀಯ, ಪ್ಲೇಟೋನಿಕ ಗುರುಗಳನ್ನು ಒಬ್ಬರಾದ ಮೇಲೊಬ್ಬರಂತೆ ಆಶ್ರಯಿಸಿ, ಕಡೆಗೆ ಕ್ರೈಸ್ತನಾದ ಬಳಿಕವೂ ದಾರ್ಶನಿಕರ ನಿಲುವಂಗಿಯನ್ನು ಕಳಚದೆ ರೋಮಿನಲ್ಲಿ ಪಾಠ ಹೇಳುತ್ತಿದ್ದ ಈತನು ಬೇಡಿದ್ದು ದಯೆಯನ್ನಲ್ಲ, ವಿಚಾರಣೆಯನ್ನು: ನಮ್ಮ ಆಚಾರವನ್ನು ಪರೀಕ್ಷಿಸಿರಿ, ದೋಷ ಕಂಡರೆ ದಂಡಿಸಿರಿ, ಕೇವಲ ಹೆಸರಿಗಾಗಿ ಕೊಲ್ಲಬೇಡಿರಿ ಎಂಬುದು ಅವನ ಬಿನ್ನಹದ ತಾತ್ಪರ್ಯ. ಅನಂತರ ಅವನು ಆ ಮುಚ್ಚಿದ ಬಾಗಿಲನ್ನು ತಾನೇ ತೆರೆದನು. ಆದಿತ್ಯವಾರ ಎಲ್ಲರೂ ಒಂದೆಡೆ ನೆರೆಯುವರು, ಅಪೊಸ್ತಲರ ಸ್ಮರಣೆಗಳೋ ಪ್ರವಾದಿಗಳ ಬರೆಹಗಳೋ ಹೊತ್ತು ಇರುವಷ್ಟೂ ಪಠಿತವಾಗುವುವು, ಅಧ್ಯಕ್ಷನು ಬೋಧಿಸುವನು, ಎಲ್ಲರೂ ಎದ್ದು ಪ್ರಾರ್ಥಿಸುವರು, ರೊಟ್ಟಿಯನ್ನೂ ನೀರು ಬೆರೆತ ದ್ರಾಕ್ಷಾರಸವನ್ನೂ ಹಂಚುವರು, ಬರಲಾರದವರ ಪಾಲನ್ನು ಸೇವಕರು ಮನೆಗೆ ಒಯ್ಯುವರು, ಉಳ್ಳವರು ಮನಸ್ಸು ಬಂದಷ್ಟು ಕೊಟ್ಟ ಹಣದಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರದೇಶಿಗಳು ಪೋಷಿತರಾಗುವರು. ಅಪವಾದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ಆ ಯುಗದ ಬೇರಾವ ಗ್ರಂಥದಲ್ಲಿಯೂ ನಾನು ಕಂಡಿಲ್ಲ.

ಅವನ ತತ್ತ್ವವಿಚಾರದಲ್ಲಿ ಎಲ್ಲವೂ ಸಮಾನವಾಗಿ ಗಟ್ಟಿಯಲ್ಲ. ಪ್ಲೇಟೋ ತನ್ನ ಸಿದ್ಧಾಂತವನ್ನು ಮೋಶೆಯಿಂದ ಪಡೆದನೆಂಬ ವಾದವು ಇಂದು ನಿಲ್ಲಲಾರದು. ಆದರೆ ದೈವೀ ವಾಕ್ಯದ ಬೀಜವು ಎಲ್ಲ ಮಾನವರಲ್ಲಿಯೂ ಬಿತ್ತಲ್ಪಟ್ಟಿರುವುದರಿಂದ, ಆ ವಿವೇಕದಂತೆ ಬಾಳಿದ ಸಾಕ್ರೆಟೀಸನೂ ಹೆರಾಕ್ಲೈಟಸನೂ ಕ್ರಿಸ್ತನಿಗೆ ಮುಂಚಿನ ಕ್ರೈಸ್ತರೇ ಎಂದು ಅವನು ಸಾರಿದುದು ಔದಾರ್ಯದ ಮಾತು. ಸಾಕ್ರೆಟೀಸನೂ ನಾಸ್ತಿಕನೆನಿಸಿಕೊಂಡೇ ಸತ್ತನೆಂಬುದನ್ನು ನೆನಪಿಸುವ ಧೈರ್ಯದ ಮಾತೂ ಹೌದು.

ಸುಮಾರು 165ರಲ್ಲಿ ಜಸ್ಟಿನನೂ ಅವನ ಆರು ಮಂದಿ ಸಂಗಡಿಗರೂ ರೋಮಿನ ನಗರಾಧಿಕಾರಿ ಜೂನಿಯಸ್ ರುಸ್ತಿಕಸನೆದುರು ನಿಂತರು. ಆ ನ್ಯಾಯಾಧಿಪತಿಯು ಸ್ವತಃ ಸ್ಟೋಯಿಕ್ ದಾರ್ಶನಿಕ, ಆಗ ಆಳುತ್ತಿದ್ದ ಮಾರ್ಕಸ್ ಔರೇಲಿಯಸನಿಗೆ ಗುರುವಾಗಿದ್ದವನು. ಎಲ್ಲಿ ಕೂಡುತ್ತೀರಿ, ನೀನು ಕ್ರೈಸ್ತನೋ, ದೇವತೆಗಳಿಗೆ ಬಲಿಯರ್ಪಿಸುವೆಯೋ ಎಂದು ಅವನು ಕೇಳಿದನು. ಅರ್ಪಿಸೆವೆಂದವರಿಗೆ ಕೊರಡೆಯೇಟೂ ಶಿರಚ್ಛೇದವೂ ವಿಧಿಸಲ್ಪಟ್ಟವು. ನಮಗೆ ಉಳಿದುಬಂದಿರುವ ಆ ವಿಚಾರಣೆಯ ವರದಿಯಲ್ಲಿ ನರಮಾಂಸದ ಪ್ರಸ್ತಾಪವಾಗಲಿ ಅಗಮ್ಯಾಗಮನದ ಪ್ರಸ್ತಾಪವಾಗಲಿ ಒಂದೆಡೆಯಾದರೂ ಇಲ್ಲ.