ಸೇರೆಸ್ ಮತ್ತು ಸಿನೈ: ಚೀನೀಯರಿಗೆ ಪ್ರಾಚೀನ ಗ್ರೀಕರಿಟ್ಟ ಹೆಸರುಗಳು

ಚೀನದೇಶೀಯರನ್ನು ಪ್ರಾಚೀನ ಗ್ರೀಕರು ಸೇರೆಸ್ ಎಂದೂ ಸಿನೈ ಎಂದೂ ಕರೆದರು. ಇವೆರಡೂ ಒಂದೇ ನಾಡಿಗೆ ಸಲ್ಲತಕ್ಕವೆಂಬ ಅರಿವು ಅವರಿಗಿದ್ದಂತೆ ತೋರುವುದಿಲ್ಲ. ಕ್ರಿ.ಶ. 2ನೆಯ ಶತಮಾನದಲ್ಲಿ, ನಮ್ಮ ಬನವಾಸಿಯನ್ನೂ ಹೆಸರಿಸಿರುವ ತನ್ನ ಭೂಗೋಳ ಗ್ರಂಥದಲ್ಲಿ, ಟಾಲೆಮಿಯು ಭೂಮಾರ್ಗವಾಗಿ ತಲುಪುವ ಸೇರೆಸರನ್ನು ಬಡಗಲಲ್ಲಿಯೂ ಸಮುದ್ರಮಾರ್ಗವಾಗಿ ತಲುಪುವ ಸಿನೈಗಳನ್ನು ತೆಂಕಲಲ್ಲಿಯೂ ಇರಿಸಿದನು.

ಸೇರೆಸ್: ಇದು ರೇಷ್ಮೆಗೆ ಸಂಬಂಧಿಸಿದ ಹೆಸರು. ಚೀನೀ ಭಾಷೆಯಲ್ಲಿ ರೇಷ್ಮೆಗಿರುವ ‘ಸಿ’ ಎಂಬ ಶಬ್ದವೇ ಮೂಲವೆಂಬುದು ಪ್ರಚಲಿತ ಮತವಾದರೂ, ಅದರಲ್ಲಿಲ್ಲದ ರೇಫವು ನಡುವಣ ಯಾವುದೋ ಭಾಷೆಯಿಂದ ಬಂದಿರಬೇಕು.

ಥಿನ, ಸಿನೈ: 1ನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥದ ಅಜ್ಞಾತಕರ್ತೃವು, ಥಿನ ಎಂಬ ನಗರದಿಂದ ರೇಷ್ಮೆಯು ಬಾಹ್ಲೀಕದ ಮೂಲಕ ಭರುಕಚ್ಛಕ್ಕೂ ಗಂಗೆಯ ಮೂಲಕ ತೆಂಕಣ ಕರಾವಳಿಗೂ ಬರುತ್ತಿದ್ದಿತೆನ್ನುತ್ತಾನೆ. ಗ್ರೀಕ್ ಲಿಪಿಯಲ್ಲಿ ಚಕಾರವಿಲ್ಲದುದರಿಂದ, ಭಾರತೀಯರ ಬಾಯಲ್ಲಿ ಕೇಳಿದ ‘ಚೀನ’ವನ್ನು ಒಬ್ಬನು ಥಕಾರದಿಂದಲೂ ಇನ್ನೊಬ್ಬನು ಸಕಾರದಿಂದಲೂ ಬರೆದಿರುವುದು ಸಂಭವನೀಯ. ‘ಚೀನ’ವು ಕ್ರಿ.ಪೂ. 221ರಲ್ಲಿ ಸಾಮ್ರಾಜ್ಯವನ್ನು ಕಟ್ಟಿದ ಛಿನ್ ವಂಶದಿಂದ ಬಂದಿತೆಂದು 1655ರಲ್ಲಿ ಮಾರ್ಟಿನಿ ಎಂಬ ಪಾದ್ರಿಯು ಸೂಚಿಸಿದನು. ಈ ವಾದದಲ್ಲಿ ಕನ್ನಡನಾಡಿನಿಂದ ಒದಗಿದ ಒಂದು ಸಾಕ್ಷ್ಯಕ್ಕೆ ವಿಶೇಷ ಸ್ಥಾನವಿದೆ: ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೀನಭೂಮಿಯ ಪಟ್ಟವಸ್ತ್ರದ ಉಲ್ಲೇಖವಿರುವುದರಿಂದ, ಆ ಗ್ರಂಥವು ಚಂದ್ರಗುಪ್ತಮೌರ್ಯನ ಕಾಲದ್ದೆಂದು ಒಪ್ಪುವವರಿಗೆ ಈ ಹೆಸರು ಛಿನ್ ಸಾಮ್ರಾಜ್ಯಕ್ಕಿಂತ ಹಳೆಯದಾಗುತ್ತದೆ. ಆದರೆ ಸಾಮ್ರಾಜ್ಯಕ್ಕೆ ಶತಮಾನಗಳ ಹಿಂದೆಯೇ ಛಿನ್ ಎಂಬ ಸಂಸ್ಥಾನವು ಚೀನದ ಪಶ್ಚಿಮದ ಗಡಿಯಲ್ಲಿದ್ದಿತು. ಗ್ರಂಥದ ಕಾಲವೂ ಅನಂತರದ್ದೆಂದು ಹಲವರ ಮತ. ಆದಕಾರಣ ಮಾರ್ಟಿನಿಯ ಊಹೆಯು ಇದರಿಂದ ಬಿದ್ದುಹೋಗದೆಂದೇ ಹೇಳಬೇಕು.

ಅನಂತರದ ಹೆಸರುಗಳು: ಗ್ರೀಕ್ ಗ್ರಂಥಕಾರರ ಪೈಕಿ 6ನೆಯ ಶತಮಾನದ ಕಾಸ್ಮಾಸನ ತ್ಸಿನಿಸ್ತವು ಪಾರಸಿಕ ರೂಪ, 7ನೆಯ ಶತಮಾನದ ಥಿಯೊಫಿಲಾಕ್ಟನ ತೌಗಾಸ್ತ್ ತುರುಷ್ಕರಿಂದ ಬಂದುದು.

ಚಂದ್ರವಳ್ಳಿಯ ನಾಣ್ಯ: ಹೆಸರುಗಳಲ್ಲದೆ ವಸ್ತುರೂಪದ ಸಾಕ್ಷ್ಯವೂ ಒಂದುಂಟು. ಚಿತ್ರದುರ್ಗ ಜಿಲ್ಲೆಯ ಚಂದ್ರವಳ್ಳಿಯಲ್ಲಿ, ಶಾತವಾಹನರ ನಾಣ್ಯಗಳೂ ರೋಮಿನ ಅಗಸ್ಟಸ್, ಟೈಬೀರಿಯಸರ ಬೆಳ್ಳಿನಾಣ್ಯಗಳೂ ದೊರೆತ ನೆಲೆಯಲ್ಲಿ, ಒಂದು ಚೀನೀ ನಾಣ್ಯವೂ ದೊರೆಯಿತು. ಅದನ್ನು ಹಾನ್ ವಂಶದ ವೂ ಚಕ್ರವರ್ತಿಯ ಕಾಲದ್ದೆಂದು ಮೊದಲು ಗಣಿಸಿದರೂ ಆ ನಿರ್ಣಯವು ಸರ್ವಸಮ್ಮತವಲ್ಲ. ಹಾಗೆಯೇ ಒಪ್ಪಿದರೂ, ಒಂಟಿ ನಾಣ್ಯದಿಂದ ಇಲ್ಲಿನ ವರ್ತಕರು ಚೀನೀಯರನ್ನು ಕಣ್ಣಾರೆ ಕಂಡಿದ್ದರೆಂದು ಸಾಧಿಸಲಾಗದು. ಥಿನದಿಂದ ಬರುವವರು ವಿರಳವೆಂದು ಪೆರಿಪ್ಲಸ್‌ಕಾರನೇ ಹೇಳಿದ್ದಾನೆ.